ಸುಡಬೇಡಿ ಅಂದೆ, ಮುಂದೇನು ಅಂತ ಹೇಳಲಿಲ್ಲ



ಪ್ರತಿ ವರ್ಷ ಅಕ್ಟೋಬರ್ ಕೊನೆ ಬಂತು ಅಂದ್ರೆ ನಮ್ಮ ನ್ಯೂಸ್ ರೂಮ್‌ನಲ್ಲಿ ಒಂದು ಸುದ್ದಿ ರೆಡಿ ಇರುತ್ತೆ. ದೆಹಲಿಗೆ ಹೊಗೆ ಕವಿದಿದೆ, ಪಂಜಾಬ್-ಹರಿಯಾಣದಲ್ಲಿ ಭತ್ತದ ಕೂಳೆಗೆ ಬೆಂಕಿ ಬಿದ್ದಿದೆ, ಶಾಲೆಗಳಿಗೆ ರಜೆ. ವಿಷುವಲ್ಸ್ ಬರುತ್ತೆ, ನಾನು ಓದುತ್ತೇನೆ. ಒಂದು ಸಲ ಅದೇ ಸುದ್ದಿ ಮುಗಿಸಿ, ಕ್ಯಾಮೆರಾ ನೋಡಿಕೊಂಡು ನಮ್ಮ ರೈತರಿಗೂ ಒಂದು ಬುದ್ಧಿಮಾತು ಹೇಳಿದೆ. 'ದಯವಿಟ್ಟು ಹೊಲದ ಕಸಕ್ಕೆ ಬೆಂಕಿ ಹಚ್ಚಬೇಡಿ' ಅಂತ.

ಫೋನ್-ಇನ್ ಶುರುವಾಯಿತು. ಎರಡನೇ ಕರೆಯೇ ದಾವಣಗೆರೆ ಕಡೆಯ ಒಬ್ಬ ರೈತರದು. ಮೆಕ್ಕೆಜೋಳ ಬೆಳೆಯುವವರು. 'ಸರ್, ಸುಡಬ್ಯಾಡ್ರಿ ಅಂತೀರಿ. ದಂಟು ಹೊಲ್ದಾಗ ಐತಿ, ದಿಂಡು ಕಣದಾಗ ರಾಶಿ ಬಿದ್ದೈತಿ. ಸುಡದೆ ಏನ್ ಮಾಡ್ಲಿ ಹೇಳ್ರಿ. ನೀವು ಹೇಳಿದಂಗೆ ಮಾಡ್ತೀನಿ' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. 'ಕೃಷಿ ಇಲಾಖೆಯವರನ್ನು ಸಂಪರ್ಕಿಸಿ' ಅಂದೆ. ಬ್ರೇಕ್ ತಗೊಂಡೆ. ಆಮೇಲೆ ಪ್ರೊಡ್ಯೂಸರ್ ನಕ್ಕರು. ನನಗೆ ನಗು ಬರಲಿಲ್ಲ. ಬೇಡ ಅನ್ನುವುದಕ್ಕೆ ಹತ್ತು ಸೆಕೆಂಡ್ ಸಾಕು, ಬದಲಿಗೆ ಏನು ಅಂತ ಹೇಳೋಕೆ ಓದಿಕೊಳ್ಳಬೇಕು. ಹಾಗಾಗಿ ಇವತ್ತಿನ ಈ ಮಾತು ಆ ರೈತರಿಗೆ ನಾನು ಕೊಡಬೇಕಾದ ಸಾಲದ ಬಾಕಿ. ವಿಷಯ: ಹೊಲದ ಕಸದಿಂದ ಗ್ಯಾಸ್. ಇಂಗ್ಲಿಷ್‌ನವರು ಇಟ್ಟ ಹೆಸರು ಗ್ಯಾಸಿಫಿಕೇಶನ್.

ಇದು ಹೊಸ ಸಂಗತಿ ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ತುಂಬಾ ವಯಸ್ಸಾದ ಅಜ್ಜನೋ ಅಜ್ಜಿಯೋ ಇದ್ದರೆ 'ಇದ್ದಿಲು ಬಸ್ಸು' ಅಂದರೆ ಏನು ಅಂತ ಕೇಳಿ ನೋಡಿ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಯಿತು. ಆಗ ನಮ್ಮಲ್ಲೂ ಬಸ್ಸಿನ ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ ಕಟ್ಟಿ, ಅದಕ್ಕೆ ಇದ್ದಿಲು ತುಂಬಿ, ಕೈಯಲ್ಲಿ ಗಾಳಿ ತಿರುವಿ ಬೆಂಕಿ ಮಾಡಿ ಬಸ್ಸು ಓಡಿಸಿದರು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಯುರೋಪಿನಲ್ಲೂ ಇದೇ ಕಥೆ. ಸ್ವೀಡನ್ನಿನಂಥ ದೇಶ ಯುದ್ಧದ ವರ್ಷಗಳಲ್ಲಿ ತನ್ನ ಬಹುಪಾಲು ವಾಹನಗಳನ್ನು ಸೌದೆ ಮತ್ತು ಇದ್ದಿಲಿನ ಗ್ಯಾಸ್ ಮೇಲೆಯೇ ಓಡಿಸಿತು. ಯುದ್ಧ ಮುಗಿಯಿತು, ಪೆಟ್ರೋಲ್ ಬಂತು, ಡ್ರಮ್ಮುಗಳು ಗುಜರಿಗೆ ಹೋದವು.

ಆ ಡ್ರಮ್ಮಿನೊಳಗೆ ಏನಾಗುತ್ತಿತ್ತು? ಇದನ್ನು ಸರಿಯಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಒಲೆಯಲ್ಲಿ ಒಂದು ಸೌದೆ ಉರಿಯೋದನ್ನು ಹತ್ತಿರದಿಂದ ನೋಡಿ. ಉರಿ ಸೌದೆಗೆ ಅಂಟಿಕೊಂಡಿರಲ್ಲ, ಸ್ವಲ್ಪ ಮೇಲೆ ಕುಣಿಯುತ್ತಿರುತ್ತೆ. ಯಾಕೆ ಅಂದ್ರೆ ಅಲ್ಲಿ ಉರೀತಾ ಇರೋದು ಸೌದೆಯಲ್ಲ, ಬಿಸಿಗೆ ಸೌದೆಯಿಂದ ಹೊರಬಂದ ಅನಿಲ. ಅನಿಲವೆಲ್ಲ ಹೋದ ಮೇಲೆ ಕೆಂಡ ಉಳಿಯುತ್ತೆ, ಅದು ಉರಿಯಿಲ್ಲದೆ ನಿಧಾನವಾಗಿ ಸುಡುತ್ತೆ. ಗ್ಯಾಸಿಫೈಯರ್ ಅನ್ನೋ ಯಂತ್ರ ಮಾಡೋದು ಇಷ್ಟೇ: ಸೌದೆಯಿಂದ ಅನಿಲ ಹೊರಡಿಸುತ್ತೆ, ಆದರೆ ಅದು ಪೂರ್ತಿ ಉರಿದುಹೋಗೋಕೆ ಬೇಕಾದಷ್ಟು ಗಾಳಿ ಕೊಡಲ್ಲ. ಬೇಕಾದ ಗಾಳಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಿಡುತ್ತೆ. ಅರೆಹೊಟ್ಟೆ ಇಟ್ಟ ಬೆಂಕಿ ಅದು.

ಮೇಲಿನಿಂದ ಒಣ ಕಸ ತುಂಬಿದರೆ ಒಳಗೆ ನಾಲ್ಕು ಹಂತ ಆಗುತ್ತೆ. ಮೊದಲು ಉಳಿದ ತೇವ ಆರುತ್ತೆ. ಕೆಳಗಿಳಿದ ಹಾಗೆ ಬಿಸಿ ಏರಿ, ಕಸ ಒಡೆದು ಹೊಗೆಯಂಥ ಆವಿ ಮತ್ತು ಇದ್ದಿಲು ಆಗುತ್ತೆ. ಇನ್ನೂ ಕೆಳಗೆ ಗಾಳಿ ಬರುವ ಜಾಗದಲ್ಲಿ ಒಂದಿಷ್ಟು ಮಾತ್ರ ಉರಿದು, ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಕೊನೆಯ ಹಂತವೇ ಮುಖ್ಯ. ಉರಿದು ಬಂದ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಕೆಂಪಗೆ ಕಾದ ಇದ್ದಿಲಿನ ಪದರದ ಮೂಲಕ ಹಾದುಹೋಗಬೇಕು. ಅಲ್ಲಿ ಇದ್ದಿಲು ಅವುಗಳ ಆಕ್ಸಿಜನ್ ಕಿತ್ತುಕೊಳ್ಳುತ್ತೆ. ಕಾರ್ಬನ್ ಡೈಆಕ್ಸೈಡ್ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತೆ, ನೀರಾವಿ ಹೋಗಿ ಹೈಡ್ರೋಜನ್ ಆಗುತ್ತೆ. ಉರಿದು ಸತ್ತ ಅನಿಲ ಮತ್ತೆ ಉರಿಯಬಲ್ಲ ಅನಿಲವಾಗಿ ಹೊರಬರುತ್ತೆ.

ಇದರ ಹೆಸರು ಪ್ರೊಡ್ಯೂಸರ್ ಗ್ಯಾಸ್. ನೂರು ಪಾಲಿನಲ್ಲಿ ಸುಮಾರು 20 ಪಾಲು ಕಾರ್ಬನ್ ಮಾನಾಕ್ಸೈಡ್, 15ರಿಂದ 20 ಪಾಲು ಹೈಡ್ರೋಜನ್, ಚೂರು ಮೀಥೇನ್. ಉಳಿದದ್ದರಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಹೆಚ್ಚಿನದು ಗಾಳಿಯ ಜೊತೆ ಬಂದ ನೈಟ್ರೋಜನ್. ಅದು ಉರಿಯಲ್ಲ, ಸುಮ್ಮನೆ ಸವಾರಿ ಮಾಡುತ್ತೆ. ಹಾಗಾಗಿ ಇದು ಸಪ್ಪೆ ಗ್ಯಾಸ್. ಗೋಬರ್ ಗ್ಯಾಸಿನ ಕಾಲು ಭಾಗದಷ್ಟು ಶಕ್ತಿ ಇದ್ದರೆ ಹೆಚ್ಚು. ಸಿಲಿಂಡರಿಗೆ ತುಂಬಿ ಮಾರೋಕೆ ಆಗಲ್ಲ. ಹುಟ್ಟಿದ ಜಾಗದಲ್ಲೇ, ಹುಟ್ಟಿದ ಗಳಿಗೆಯಲ್ಲೇ ಬಳಸಬೇಕು.

ಗೋಬರ್ ಗ್ಯಾಸ್ ಅಂದೆನಲ್ಲ, ಎರಡೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಒಂದೇ ಅಲ್ಲ. ಗೋಬರ್ ಗ್ಯಾಸಿನಲ್ಲಿ ಕೆಲಸ ಮಾಡೋದು ಸೂಕ್ಷ್ಮಜೀವಿ, ಅದಕ್ಕೆ ಸಗಣಿ, ಕೊಳೆತ ತರಕಾರಿ, ನೀರು ಬೇಕು. ಇಲ್ಲಿ ಕೆಲಸ ಮಾಡೋದು ಬೆಂಕಿ. ಇದಕ್ಕೆ ಒಣಗಿದ್ದು, ಗಟ್ಟಿ ಇದ್ದದ್ದು ಬೇಕು. ತೆಂಗಿನ ಕರಟ, ಮೆಕ್ಕೆಜೋಳದ ದಿಂಡು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ಹಸಿ ಇದ್ದರೆ ಗೋಬರ್ ಗ್ಯಾಸ್, ಒಣಗಿದ್ದರೆ ಗ್ಯಾಸಿಫೈಯರ್. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ನಮ್ಮೂರಿನ ವಿಷಯಕ್ಕೆ ಬರೋಣ. ಈ ಇದ್ದಿಲು ಬಸ್ಸಿನ ವಿದ್ಯೆಯನ್ನು ಗುಜರಿಯಿಂದ ಎತ್ತಿ, ತಿದ್ದಿ, ಹಳ್ಳಿಗೆ ತಂದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂಚೂಣಿಯವರು. ಜನ ಪ್ರೀತಿಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅದೇ. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನೋ ವಿಭಾಗ ಕಟ್ಟಿದರು. ಅಸ್ತ್ರ ಒಲೆ ಗೊತ್ತಲ್ಲ? ನಮ್ಮ ಎಷ್ಟೋ ಅಡುಗೆಮನೆಗಳಿಂದ ಹೊಗೆ ಓಡಿಸಿದ ಒಲೆ, ಅದೂ ಅವರದ್ದೇ. ಅದೇ ಸಂಸ್ಥೆಯಲ್ಲಿ ಎಚ್.ಎಸ್. ಮುಕುಂದ ಅವರ ತಂಡ ಮೇಲೆ ಬಾಯಿ ತೆರೆದಿರುವ ಗ್ಯಾಸಿಫೈಯರ್ ರೂಪಿಸಿತು. ಮೇಲಿನಿಂದಲೂ ಪಕ್ಕದಿಂದಲೂ ಗಾಳಿ ಎಳೆದುಕೊಳ್ಳುವ ವಿನ್ಯಾಸ. ಇದರಿಂದ ಗ್ಯಾಸಿನಲ್ಲಿ ಟಾರು ಕಡಿಮೆ ಆಗುತ್ತೆ. ಟಾರು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಅನ್ನೋ ಪುಟ್ಟ ಊರಿಗೆ ಈ ಯಂತ್ರ ಹೋಯಿತು. ಕರೆಂಟ್ ಇಲ್ಲದ ಊರು, ಮೂವತ್ತೈದರಷ್ಟು ಮನೆ. ಮೊದಲು ಹಾಕಿದ್ದು 3.7 ಕಿಲೋವ್ಯಾಟಿನ ಘಟಕ, ಅಂದ್ರೆ 5 ಎಚ್‌ಪಿ ಪಂಪಿನಷ್ಟು. ಆಮೇಲೆ 20 ಕಿಲೋವ್ಯಾಟಿಗೆ ಏರಿಸಿದರು. ಡೀಸೆಲ್ ಎಂಜಿನ್ನಿಗೆ ಗ್ಯಾಸ್ ಬಿಟ್ಟು ಕರೆಂಟ್ ತೆಗೆದರು. ಡೀಸೆಲ್ ಪೂರ್ತಿ ನಿಲ್ಲಲಿಲ್ಲ, ಆದರೆ ಚೆನ್ನಾಗಿ ನಡೆದಾಗ ಬಹುಪಾಲು ಉಳಿಯಿತು. ಮನೆಗೆ ದೀಪ ಬಂತು, ಕುಡಿಯೋ ನೀರು ನಲ್ಲಿಗೆ ಬಂತು, ಹಿಟ್ಟಿನ ಗಿರಣಿ ತಿರುಗಿತು, ಹೊಲಕ್ಕೆ ನೀರು ಹಾಯಿತು. ಸೌದೆಗೆ ಅಂತಲೇ ಊರ ಪಕ್ಕದಲ್ಲಿ ಮರ ಬೆಳೆಸಿದರು. ಹೀಗೆ ಒಂದು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ನಂತರ ಇದೇ ತುಮಕೂರು ಜಿಲ್ಲೆಯಲ್ಲಿ ಸರ್ಕಾರ ಮತ್ತು ವಿಶ್ವಸಂಸ್ಥೆಯ ನೆರವಿನ ದೊಡ್ಡ ಯೋಜನೆ ಬಂತು. ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟಿನ ಘಟಕ ಕಟ್ಟಿ ಗ್ರಿಡ್‌ಗೆ ಕರೆಂಟ್ ಕೊಟ್ಟರು.

ಹಾಗಾದ್ರೆ ಯಂತ್ರ ಕೆಲಸ ಮಾಡುತ್ತೆ ಅಂತಾಯಿತು. ಮತ್ತೆ ಯಾಕೆ ಪ್ರತಿ ಊರಿನಲ್ಲೂ ಇಲ್ಲ? ಇಲ್ಲೇ ಇರೋದು ನೋಡಿ ನಿಜವಾದ ವಿಷಯ. ಇದನ್ನು ಮುಚ್ಚಿಟ್ಟು 'ಕಸದಿಂದ ಪುಕ್ಕಟೆ ಕರೆಂಟ್' ಅಂತ ಕಾರ್ಯಕ್ರಮ ಮಾಡೋದು ಸುಲಭ. ಆದರೆ ಆ ರೈತರಿಗೆ ಎರಡನೇ ಸಲ ಮೋಸ ಆಗುತ್ತೆ.

ಮೊದಲನೇ ತೊಡಕು, ಟಾರು. ಕಸ ಒಡೆದಾಗ ಬರೋ ಆವಿಯಲ್ಲಿ ಒಂದು ಅಂಟು ಪದಾರ್ಥ ಇರುತ್ತೆ. ಬಿಸಿ ಇದ್ದಾಗ ಅನಿಲದ ಜೊತೆ ಹೋಗುತ್ತೆ, ತಣ್ಣಗಾದರೆ ಡಾಂಬರಿನ ಹಾಗೆ ಕೂರುತ್ತೆ. ಪೈಪು ಕಟ್ಟುತ್ತೆ, ಎಂಜಿನ್ನಿನ ವಾಲ್ವ್ ಕಚ್ಚಿಕೊಳ್ಳುತ್ತೆ. ಅದಕ್ಕೇ ಗ್ಯಾಸನ್ನು ತೊಳೆಯಬೇಕು, ಮರಳಿನಲ್ಲಿ ಸೋಸಬೇಕು. ತೊಳೆದ ನೀರನ್ನು ಚರಂಡಿಗೋ ಕೆರೆಗೋ ಬಿಡೋ ಹಾಗಿಲ್ಲ, ಅದನ್ನೂ ಶುದ್ಧ ಮಾಡಬೇಕು. ಒಂದು ವಾರ ಸೋಸುವ ಮರಳು ಬದಲಾಯಿಸೋದು ತಪ್ಪಿದರೂ ಎಂಜಿನ್ ಸೇಡು ತೀರಿಸಿಕೊಳ್ಳುತ್ತೆ.

ಎರಡನೇದು, ಕಸದ ಗುಣ. ತೇವ ನೂರಕ್ಕೆ 15ರಿಂದ 20 ಭಾಗಕ್ಕಿಂತ ಹೆಚ್ಚಿದ್ದರೆ ಒಳಗೆ ಶಾಖ ಏರಲ್ಲ, ಟಾರು ಹೆಚ್ಚುತ್ತೆ. ದಂಟು ಉದ್ದಕ್ಕಿದ್ದರೆ ಡ್ರಮ್ಮಿನಲ್ಲಿ ಸಿಕ್ಕಿಕೊಳ್ಳುತ್ತೆ, ಕತ್ತರಿಸಿ ಹಾಕಬೇಕು, ಇಲ್ಲವೇ ಒತ್ತಿ ಗಟ್ಟಿ ಇಟ್ಟಿಗೆಯ ಹಾಗೆ ಮಾಡಬೇಕು. ಭತ್ತದ ಹೊಟ್ಟಿನಲ್ಲಿ ಮರಳಿನಂಥ ಸಿಲಿಕಾ ವಿಪರೀತ, ನೂರು ಕೆ.ಜಿ. ಸುಟ್ಟರೆ ಹದಿನೈದು-ಇಪ್ಪತ್ತು ಕೆ.ಜಿ. ಬೂದಿ. ಭತ್ತದ ಹುಲ್ಲಿನ ಬೂದಿಯಂತೂ ಶಾಖಕ್ಕೆ ಕರಗಿ ಗಟ್ಟಿಯಾಗಿ ಒಳಗೇ ಕಚ್ಚಿಕೊಳ್ಳುತ್ತೆ. ಪಂಜಾಬಿನ ಹುಲ್ಲನ್ನು ಸೀದಾ ಇಂಥ ಡ್ರಮ್ಮಿಗೆ ತುರುಕೋಕೆ ಆಗದಿರೋದಕ್ಕೆ ಇದೂ ಒಂದು ಕಾರಣ. ಅಲ್ಲಿನ ರೈತರಿಗೆ ಭತ್ತ ಕೊಯ್ದು ಗೋಧಿ ಬಿತ್ತೋಕೆ ಸಿಗೋದು ಎರಡು-ಮೂರು ವಾರ ಮಾತ್ರ. ಅವರು ಶೋಕಿಗೆ ಬೆಂಕಿ ಹಚ್ಚುತ್ತಿಲ್ಲ. ಇದನ್ನೂ ನಾನು ಆವತ್ತಿನ ಸುದ್ದಿಯಲ್ಲಿ ಹೇಳಬೇಕಿತ್ತು.

ಮೂರನೇದು ಪ್ರಾಣದ ವಿಷಯ, ದಯವಿಟ್ಟು ಗಮನ ಕೊಡಿ. ಈ ಗ್ಯಾಸಿನ ಐದನೇ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಅಂದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನೋ ಸುದ್ದಿ ನಾನೇ ಓದಿದ್ದೇನೆ. ಅದೇ ವಿಷ ಇದು. ಹಾಗಾಗಿ ಗ್ಯಾಸಿಫೈಯರ್ ಗಾಳಿಯಾಡುವ ತೆರೆದ ಶೆಡ್ಡಿನಲ್ಲಿರಬೇಕು, ತರಬೇತಿ ಪಡೆದವರೇ ನಡೆಸಬೇಕು. ವಿಡಿಯೋ ನೋಡಿಕೊಂಡು ಮನೆ ಹಿತ್ತಲಲ್ಲಿ ಡ್ರಮ್ ವೆಲ್ಡಿಂಗ್ ಮಾಡೋ ಸಾಹಸ ಯಾರೂ ಮಾಡಬೇಡಿ.

ನಾಲ್ಕನೇದು ದುಡ್ಡು. ಇದಕ್ಕೆ ಆ ದಾವಣಗೆರೆ ರೈತರ ಕಣಕ್ಕೇ ಹೋಗೋಣ. ಒಂದು ಎಕರೆಗೆ 20 ಕ್ವಿಂಟಾಲ್ ಕಾಳು ಬಂತು ಅಂದುಕೊಳ್ಳಿ. ಕಾಳು ಬಿಡಿಸಿದ ಮೇಲೆ ಮೂರೂವರೆ ಕ್ವಿಂಟಾಲಿನಷ್ಟು ದಿಂಡು ಉಳಿಯುತ್ತೆ, 350 ಕೆ.ಜಿ. ಗ್ಯಾಸಿಫೈಯರಿಗೆ ಇದು ಒಳ್ಳೆ ಸರಕು. ಗಟ್ಟಿ ಇರುತ್ತೆ, ಒಂದೇ ಗಾತ್ರ, ಒಣಗೋದೂ ಬೇಗ. ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದೂಕಾಲು ಕೆ.ಜಿ. ಒಣ ಕಸ ಬೇಕು. ಅಂದ್ರೆ 350 ಕೆ.ಜಿ.ಗೆ 280 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಸಿಕ್ಕಿದರೂ 1,680 ರೂಪಾಯಿ. ಅದರಲ್ಲಿ ಕಸ ಸಾಗಿಸಬೇಕು, ಆಪರೇಟರಿಗೆ ಸಂಬಳ ಕೊಡಬೇಕು, ಎಂಜಿನ್ ರಿಪೇರಿ ಮಾಡಬೇಕು. ಪಂಪ್‌ಸೆಟ್ಟಿಗೂ ಮನೆಗೂ ಸರ್ಕಾರವೇ ಉಚಿತ ಕರೆಂಟ್ ಕೊಡುತ್ತಿರುವಾಗ ಯಾರು ತಾನೇ ಇದಕ್ಕೆ ಬಿಲ್ ಕಟ್ಟುತ್ತಾರೆ? ಗ್ರಿಡ್ ತಂತಿ ಬಂದ ಊರಿನಲ್ಲಿ ಈ ಯಂತ್ರ ನಿಲ್ಲೋದು ಕಷ್ಟ.

ಈಗ ಅದೇ 350 ಕೆ.ಜಿ. ದಿಂಡನ್ನು ಕರೆಂಟಿಗಲ್ಲ, ಶಾಖಕ್ಕೆ ಬಳಸಿ ನೋಡಿ. ನಾಲ್ಕು ಕೆ.ಜಿ. ಒಣ ಕಸದ ಗ್ಯಾಸ್ ಒಂದು ಲೀಟರ್ ಡೀಸೆಲಿನ ಶಾಖಕ್ಕೆ ಸಮ. ಲೆಕ್ಕ ಹಾಕಿದರೆ 87 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಅಂತ ಇಟ್ಟುಕೊಂಡರೆ ಏಳೂವರೆ ಸಾವಿರ ರೂಪಾಯಿ ದಾಟುತ್ತೆ. ಅದೇ ದಿಂಡು, ಅದೇ ಯಂತ್ರ. ಕರೆಂಟು ಮಾಡಿದರೆ ಸಾವಿರದ ಆರುನೂರು ಚಿಲ್ಲರೆ, ಡೀಸೆಲ್ ಉರಿಸೋ ಜಾಗಕ್ಕೆ ಕೊಟ್ಟರೆ ಏಳೂವರೆ ಸಾವಿರ. ಇದರ ಮೇಲೆ ಇನ್ನೊಂದು ಅನುಕೂಲ ಇದೆ. ಬರ್ನರಿಗೆ ಬಿಸಿಬಿಸಿಯಾಗೇ ಗ್ಯಾಸ್ ಬಿಟ್ಟರೆ ಟಾರು ಕೂರೋ ಮೊದಲೇ ಉರಿದುಹೋಗುತ್ತೆ. ಎಂಜಿನ್ನಿಗೆ ಬೇಕಾದಷ್ಟು ಸೋಸುವಿಕೆಯ ತಲೆನೋವು ಇಲ್ಲ.

ಶಾಖ ಎಲ್ಲಿ ಬೇಕು? ನಮ್ಮ ಸುತ್ತಲೇ ನೋಡಿ. ಅಡಿಕೆ ಬೇಯಿಸೋಕೆ ಬೇಕು, ಒಣಗಿಸೋಕೆ ಬೇಕು. ರೇಷ್ಮೆ ಗೂಡು ಬೇಯಿಸೋಕೆ ಬೇಕು. ಮೆಣಸಿನಕಾಯಿ, ಏಲಕ್ಕಿ, ಅರಿಶಿನ, ಹೂವು ಒಣಗಿಸೋಕೆ ಬೇಕು. ಊರಿನ ಬೇಕರಿ, ಸಣ್ಣ ಕಾರ್ಖಾನೆಯ ಬಾಯ್ಲರ್, ಹಾಸ್ಟೆಲ್ ಅಡುಗೆಮನೆ. ಟೆರಿ ಅನ್ನೋ ಸಂಶೋಧನಾ ಸಂಸ್ಥೆಯವರು ಕರ್ನಾಟಕದಲ್ಲೇ ರೇಷ್ಮೆ ನೂಲು ತೆಗೆಯುವವರಿಗಾಗಿ ಗ್ಯಾಸಿಫೈಯರ್ ಒಲೆ ಮಾಡಿ ಪ್ರಯೋಗ ಮಾಡಿದ್ದಾರೆ. ಸಿಕ್ಕಿಂನಲ್ಲಿ ಏಲಕ್ಕಿ ಒಣಗಿಸೋಕೂ ಮಾಡಿದ್ದಾರೆ. ಅಂದ್ರೆ ಇದು ಬಾಯಿಮಾತಲ್ಲ.

ಬಿಹಾರದ ಕಥೆಯನ್ನೂ ಹೇಳಬೇಕು. 2007ರಲ್ಲಿ ಪಶ್ಚಿಮ ಚಂಪಾರಣ್ ಜಿಲ್ಲೆಯ ತಮ್ಕುಹಾ ಅನ್ನೋ ಹಳ್ಳಿಯಲ್ಲಿ ಕೆಲವು ಯುವಕರು ಭತ್ತದ ಹೊಟ್ಟಿನಿಂದ ಕರೆಂಟ್ ಮಾಡಿ ಮನೆಮನೆಗೆ ಮಾರೋಕೆ ಶುರು ಮಾಡಿದರು. ಹಸ್ಕ್ ಪವರ್ ಅಂತ ಹೆಸರು. ಸೀಮೆಎಣ್ಣೆ ಬುಡ್ಡಿಗೆ ದುಡ್ಡು ಸುರಿಯುತ್ತಿದ್ದ ಊರುಗಳಿಗೆ ಅದು ದೊಡ್ಡ ವರ. ಆಮೇಲೆ ಸೋಲಾರ್ ಅಗ್ಗವಾಯಿತು. ಅವರು ಹಗಲು ಸೋಲಾರ್, ರಾತ್ರಿಗೆ ಹೊಟ್ಟು ಅಂತ ಎರಡನ್ನೂ ಜೋಡಿಸಿದರು. ನನಗೆ ಅದರಲ್ಲಿ ಕಾಣೋ ಪಾಠ ಏನಂದ್ರೆ, ಯಂತ್ರಕ್ಕೆ ಅಂಟಿಕೊಳ್ಳಬಾರದು, ಲೆಕ್ಕಕ್ಕೆ ಅಂಟಿಕೊಳ್ಳಬೇಕು.

ಇನ್ನೊಂದು ಮಾತು. ಕಸ ಅನ್ನೋದು ಗಿರಾಕಿ ಬರೋ ತನಕ ಮಾತ್ರ ಕಸ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳ ಹೊಟ್ಟನ್ನು ಇವತ್ತು ಯಾರೂ ಪುಕ್ಕಟೆ ಕೊಡಲ್ಲ, ಬಾಯ್ಲರಿನವರು, ಇಟ್ಟಿಗೆ ಗೂಡಿನವರು ಕೊಂಡುಕೊಳ್ಳುತ್ತಾರೆ. ಹಾಗೆಯೇ ಎಲ್ಲ ಕಸವೂ ಮಿಗತೆಯಲ್ಲ. ರಾಗಿ ಹುಲ್ಲು, ಜೋಳದ ಸೊಪ್ಪೆ ದನದ ಬಾಯಿಗೆ ಸೇರಿದ್ದು, ಅದಕ್ಕೆ ಕೈ ಹಾಕಬಾರದು. ಕಬ್ಬಿನ ರವದಿಯಲ್ಲಿ ಒಂದು ಪಾಲು ಭೂಮಿಗೇ ಹೋಗಬೇಕು. ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜೇ ಹೇಳುತ್ತೆ: ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಜೀವರಾಶಿ ಸಿಗುತ್ತೆ, ಮೇವು-ಉರುವಲು ಎಲ್ಲ ಕಳೆದು ಮಿಗೋದು ಸುಮಾರು 23 ಕೋಟಿ ಟನ್. ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಅದು ಚಿಕ್ಕದಲ್ಲ. ಅಷ್ಟರಿಂದ 28,000 ಮೆಗಾವ್ಯಾಟ್ ಸಾಧ್ಯ ಅಂತ ಅವರ ಲೆಕ್ಕ.

ವಿಜ್ಞಾನ ಸಂಸ್ಥೆಯವರು ಸುಮ್ಮನೆ ಕೂತಿಲ್ಲ. ಎಸ್. ದಾಸಪ್ಪ ಅವರ ತಂಡ ಗಾಳಿಯ ಬದಲು ಆಕ್ಸಿಜನ್ ಮತ್ತು ನೀರಾವಿ ಬಿಟ್ಟು ಒಂದು ಕೆ.ಜಿ. ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ತೆಗೆದಿದೆ. ಒಂದು ಕೆ.ಜಿ. ಜೀವರಾಶಿಯಲ್ಲಿ ಇರೋದೇ ಸುಮಾರು 60 ಗ್ರಾಂ. ಮಿಕ್ಕಿದ್ದು ಎಲ್ಲಿಂದ ಬಂತು? ನೀರಾವಿಯಿಂದ. ಇದ್ದಿಲು ನೀರಾವಿಯ ಆಕ್ಸಿಜನ್ ಕಿತ್ತುಕೊಳ್ಳುತ್ತೆ ಅಂದೆನಲ್ಲ, ಅದೇ ವಿದ್ಯೆ. ನೈಟ್ರೋಜನ್ ಸವಾರಿಯೂ ಇಲ್ಲ.

ಈಗ ಆ ರೈತರಿಗೆ ನನ್ನ ಉತ್ತರ.

ಯಜಮಾನರೇ, ನಿಮ್ಮ ಮೆಕ್ಕೆಜೋಳದ ದಂಟನ್ನು ಆದಷ್ಟು ಪುಡಿ ಮಾಡಿ ಹೊಲಕ್ಕೇ ಸೇರಿಸಿ, ಅದು ಮಣ್ಣಿನ ಪಾಲು. ಕಣದಲ್ಲಿರೋ ದಿಂಡನ್ನು ಸುಡಬೇಡಿ, ಮಳೆಗೆ ನೆನೆಯದ ಹಾಗೆ ಇಟ್ಟುಕೊಳ್ಳಿ. ನೀವೊಬ್ಬರೇ ಗ್ಯಾಸಿಫೈಯರ್ ಹಾಕೋಕೆ ಹೋಗಬೇಡಿ, ಒಂದೆರಡು ಎಕರೆಯ ದಿಂಡಿಗೆ ಅದು ಗಿಟ್ಟಲ್ಲ. ನಿಮ್ಮ ಹಾಗೆ ನೂರಿನ್ನೂರು ಜನರ ದಿಂಡು ಒಂದೆಡೆ ಸೇರಬೇಕು. ಅದರ ಪಕ್ಕದಲ್ಲೇ ಶಾಖ ಬೇಕಾದವರು ಇರಬೇಕು. ಚನ್ನಗಿರಿಯ ಅಡಿಕೆಯವರು ನಿಮಗೆ ದೂರದವರಲ್ಲ. ಸಹಕಾರ ಸಂಘವೋ ರೈತ ಉತ್ಪಾದಕ ಕಂಪನಿಯೋ ನಡುವೆ ನಿಂತರೆ, ಕ್ವಿಂಟಾಲಿಗೆ ಇಷ್ಟು ಅಂತ ದಿಂಡಿಗೂ ದರ ಕಟ್ಟಬಹುದು. ದರ ಸಿಕ್ಕಿದ ದಿನ ಬೆಂಕಿ ಹಚ್ಚಬೇಡಿ ಅಂತ ನಾನು ಟಿವಿಯಲ್ಲಿ ಹೇಳೋ ಅಗತ್ಯ ಇರಲ್ಲ.

ಸರ್ಕಾರಕ್ಕೆ ನಾನು ಹೇಳೋದು ಒಂದೇ. ಯಂತ್ರಕ್ಕೆ ಸಬ್ಸಿಡಿ ಕೊಟ್ಟು, ಉದ್ಘಾಟನೆಗೆ ರಿಬ್ಬನ್ ಕತ್ತರಿಸಿ ಹೋಗಬೇಡಿ. ಯಂತ್ರ ನಿಲ್ಲೋದು ಮೂರನೇ ವರ್ಷ. ಮರಳು ಬದಲಾಯಿಸೋ ಹುಡುಗನಿಗೆ ಸಂಬಳ ಇಲ್ಲ, ಕಸ ತರೋ ಟ್ರ್ಯಾಕ್ಟರಿಗೆ ಬಾಡಿಗೆ ಇಲ್ಲ ಅಂದಾಗ. ಸಬ್ಸಿಡಿಯ ಒಂದು ಪಾಲನ್ನು ಆ ಸಂಬಳಕ್ಕೆ, ಆ ಬಾಡಿಗೆಗೆ, ಕಸ ಒಣಗಿಸಿಡೋ ಶೆಡ್ಡಿಗೆ ಇಡಿ.

ಆವತ್ತು ಫೋನ್ ಮಾಡಿದವರ ನಂಬರ್ ನಮ್ಮ ಆಫೀಸಿನಲ್ಲಿ ಉಳಿದಿರಲಿಲ್ಲ. ಅವರು ಈಗ ನೋಡುತ್ತಿದ್ದರೆ ಇನ್ನೊಂದು ಸಲ ಕರೆ ಮಾಡಲಿ. ಈ ಸಲ ಬ್ರೇಕ್ ತಗೊಳ್ಳಲ್ಲ.